ಹಳೆಯ ಆಟ, ಹೊಸ ಪೆಟ್ಟಿಗೆ: ತಿದ್ದಿದವರು ಯಾರು?

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ 'ಟಿ.ವಿ. ಗೇಮ್' ಬಂದಾಗ ಅದರ ಜೊತೆಗೊಂದು ಕ್ಯಾಸೆಟ್ ಬರುತ್ತಿತ್ತು. ಅದರ ಮೇಲೆ '9999 ಇನ್ 1' ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಹಾಕಿ ನೋಡಿದರೆ ಅದರಲ್ಲಿ ಇರುತ್ತಿದ್ದುದು ಹತ್ತೋ ಇಪ್ಪತ್ತೋ ಆಟಗಳು. ಉಳಿದವೆಲ್ಲ ಅವುಗಳದೇ ಪುನರಾವರ್ತನೆ. ಆ ಆಟಗಳನ್ನು ಯಾರು ರಚಿಸಿದರು, ಯಾವ ವರ್ಷ ರಚಿಸಿದರು ಎಂಬುದರ ಬಗ್ಗೆ ಒಂದಕ್ಷರವೂ ಇರುತ್ತಿರಲಿಲ್ಲ. ಎಷ್ಟೋ ಆಟಗಳ ಮೊದಲ ಪರದೆಯಿಂದ ಕಂಪೆನಿಯ ಹೆಸರನ್ನೂ ಅಳಿಸಿ ಹಾಕಲಾಗಿತ್ತು. ಹಳೆಯ ಆಟಗಳ 'ಸಂಕಲನ' ಎಂಬುದನ್ನು ನಾವು ಮೊದಲು ಕಂಡದ್ದು ಈ ಕಳ್ಳ ಪ್ರತಿಗಳಲ್ಲೇ.

ಇಂದು ಅದೇ ಕೆಲಸವನ್ನು ದೊಡ್ಡ ದೊಡ್ಡ ಕಂಪೆನಿಗಳು ಅಧಿಕೃತವಾಗಿಯೇ ಮಾಡುತ್ತಿವೆ. ಇಪ್ಪತ್ತು, ಮೂವತ್ತು, ನಲ್ವತ್ತು ವರ್ಷ ಹಳೆಯ ಆಟಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಹೊಸ ಯಂತ್ರಗಳಿಗೆ ಹೊಂದುವಂತೆ ಮಾರುತ್ತಿವೆ. ಮಕ್ಕಳಾಟದ ವಿಷಯಕ್ಕೆ ಇಷ್ಟು ಪುಟ ಏಕೆ ಎಂದು ಓದುಗರು ಮೂಗು ಮುರಿಯಬೇಕಾಗಿಲ್ಲ. ಒಂದು ಇಡೀ ತಲೆಮಾರು ಪುಸ್ತಕಕ್ಕಿಂತ ಹೆಚ್ಚು ಸಮಯ ಕಳೆದದ್ದು ಈ ಆಟಗಳ ಜೊತೆ. ಅವುಗಳನ್ನು ಯಾರು ಉಳಿಸುತ್ತಾರೆ, ಉಳಿಸುವಾಗ ಏನನ್ನು ತಿದ್ದುತ್ತಾರೆ, ತಿದ್ದಿದ ಮೇಲೆ ಅದರ ಹೊಣೆಯನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದು ನಮಗೂ ಸಂಬಂಧಿಸಿದ ಪ್ರಶ್ನೆ.

ಸಂಕಲನಗಳ ಅಗತ್ಯವೇನೋ ಇದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ. ಯಂತ್ರ ಕೆಟ್ಟರೆ ಬಿಡಿಭಾಗವಿಲ್ಲ, ಕ್ಯಾಸೆಟ್ ಕೆಟ್ಟರೆ ಇನ್ನೊಂದಿಲ್ಲ. ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ 'ಎಮ್ಯುಲೇಟರ್' ಎಂಬ ತಂತ್ರಾಂಶವೇ ಈಗ ಇವುಗಳಿಗೆ ಆಧಾರ.

ಆದರೆ ಉಳಿಸುವ ನೆಪದಲ್ಲಿ ನಡೆಯುವ ವ್ಯಾಪಾರವನ್ನೂ ನೋಡಬೇಕು. ಮಾರಿಯೊನ 35ನೇ ವರ್ಷದ ನೆನಪಿಗೆಂದು ನಿಂಟೆಂಡೊ 2020ರ ಸೆಪ್ಟೆಂಬರ್ 18ರಂದು 'ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್' ಎಂಬ ಸಂಕಲನವನ್ನು ತಂದಿತು. 1996, 2002 ಮತ್ತು 2007ರ ಮೂರು ಆಟಗಳು, ಅವುಗಳ ಸಂಗೀತ, ಅಷ್ಟೇ. ಬೆಲೆ ಮಾತ್ರ ಹೊಚ್ಚ ಹೊಸ ಆಟದ್ದು, 60 ಡಾಲರ್. 2021ರ ಮಾರ್ಚ್ 31ರಂದು ಅದರ ಮಾರಾಟವನ್ನೇ ನಿಲ್ಲಿಸಿಬಿಟ್ಟರು. ಮುದ್ರಿಸಲು ಕಾಗದ ಬೇಡದ, ಗೋದಾಮು ಬೇಡದ ವಸ್ತುವಿಗೂ ಆರು ತಿಂಗಳ ಗಡುವು! ಇದನ್ನು ಸಂರಕ್ಷಣೆ ಎನ್ನಲು ನಮಗೆ ನಾಲಗೆ ಏಳುವುದಿಲ್ಲ.

ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ಡಿಜಿಟಲ್ ಎಕ್ಲಿಪ್ಸ್ ಎಂಬ ಅಮೆರಿಕನ್ ಸಂಸ್ಥೆ 2022ರಲ್ಲಿ ಸಿದ್ಧಪಡಿಸಿದ 'ಅಟಾರಿ 50' ಸಂಕಲನದಲ್ಲಿ ನೂರಕ್ಕೂ ಹೆಚ್ಚು ಆಟಗಳಿವೆ. ಅವುಗಳನ್ನು ಸುಮ್ಮನೆ ಪಟ್ಟಿ ಮಾಡಿಟ್ಟಿಲ್ಲ. ಕಾಲಾನುಕ್ರಮದಲ್ಲಿ ಜೋಡಿಸಿ, ನಡುನಡುವೆ ಆ ಕಾಲದ ಜಾಹೀರಾತುಗಳು, ಕಚೇರಿಯ ಕಾಗದಪತ್ರಗಳು, ತಯಾರಕರ ಸಂದರ್ಶನಗಳನ್ನು ಇಟ್ಟಿದ್ದಾರೆ. ಅಟಾರಿ ಕಂಪೆನಿ ತನ್ನ ಪ್ರೋಗ್ರಾಮರ್‌ಗಳ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಅದರಿಂದ ಬೇಸತ್ತ ವಾರೆನ್ ರಾಬಿನೆಟ್ ತಮ್ಮ 'ಅಡ್ವೆಂಚರ್' ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟರು. ಆ ಆಟ ಕೂಡ ಈ ಸಂಕಲನದಲ್ಲಿದೆ. ಕೂಲಿಯವನ ಹೆಸರು ಕಡೆಗೂ ಹೊರಬಂತು. ಕೊರತೆ ಇಲ್ಲವೆಂದಲ್ಲ. ಪರವಾನಗಿಯ ತೊಡಕಿನಿಂದ ಅಟಾರಿಯ ಪತನದ ಸಂಕೇತವೆನಿಸಿದ 1982ರ 'ಇ.ಟಿ.' ಆಟವೇ ಅದರಲ್ಲಿಲ್ಲ. ಸೋಲಿನ ಕಥೆ ಹೇಳುವಾಗ ಸೋತ ಆಟವನ್ನೇ ಆಡಲಾಗದು ಎಂದರೆ ಹೇಗೆ?

ಅದೇ ಸಂಸ್ಥೆ 2023ರಲ್ಲಿ ತಂದ 'ದ ಮೇಕಿಂಗ್ ಆಫ್ ಕರಾಟೆಕಾ' ಇನ್ನೂ ಮೇಲು. ವಿದ್ಯಾರ್ಥಿಯಾಗಿದ್ದಾಗ ಜೋರ್ಡಾನ್ ಮೆಕ್ನರ್ ರಚಿಸಿ 1984ರಲ್ಲಿ ಬಿಡುಗಡೆಯಾದ ಒಂದೇ ಒಂದು ಆಟದ ಕಥೆ ಅದು. ಸಂಗೀತ ಕೊಟ್ಟದ್ದು ಅವರ ತಂದೆ. ತಿರಸ್ಕೃತವಾದ ಹಿಂದಿನ ಆಟ, ಅರ್ಧ ತಯಾರಾದ ಕರಡುಗಳು ಎಲ್ಲವನ್ನೂ ನಾವು ಆಡಿ ನೋಡಬಹುದು. ಕರಡನ್ನೂ ಅಂತಿಮ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವ ಈ ಪ್ರಾಮಾಣಿಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಾವು ಇನ್ನೊಂದು ಸಂಕಲನಕ್ಕೆ ಬರೋಣ.

1998ರ ನವೆಂಬರ್‌ನಲ್ಲಿ ನಿಂಟೆಂಡೊ 'ದ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ಎಂಬ ಆಟವನ್ನು ಹೊರತಂದಿತು. ಜಗತ್ತಿನ ಶ್ರೇಷ್ಠ ಆಟಗಳ ಯಾವ ಪಟ್ಟಿಯಲ್ಲೂ ಅದಕ್ಕೊಂದು ಸ್ಥಾನ ಇದ್ದೇ ಇರುತ್ತದೆ. ಅದರ ಮೊದಲ ಪ್ರತಿಗಳಲ್ಲಿ 'ಅಗ್ನಿ ದೇಗುಲ' ಎಂಬ ಭಾಗದ ಹಿನ್ನೆಲೆ ಸಂಗೀತದಲ್ಲಿ ಇಸ್ಲಾಮೀ ಪಠಣದ ಧ್ವನಿ ತುಣುಕುಗಳಿದ್ದವು. ಸಂಗೀತಗಾರರಿಗೆಂದು ಮಾರಲಾಗುವ ಧ್ವನಿ ಸಂಗ್ರಹವೊಂದರಿಂದ ಎತ್ತಿಕೊಂಡದ್ದು ಅದು. ಮರುಭೂಮಿಯಲ್ಲಿ ವಾಸಿಸುವ 'ಗೆರುಡೊ' ಎಂಬ ಜನಾಂಗದ ಲಾಂಛನವಾಗಿ ಚಂದ್ರ-ತಾರೆಯನ್ನು ಬಳಸಲಾಗಿತ್ತು. ಆ ಜನಾಂಗದ ವೃತ್ತಿ ಯಾವುದೆಂದರೆ ಕಳ್ಳತನ. ಕಥೆಯ ಮುಖ್ಯ ಖಳನಾಯಕ ಗ್ಯಾನನ್‌ಡಾರ್ಫ್ ಅವರ ರಾಜ.

2003ರಲ್ಲಿ ನಿಂಟೆಂಡೊ ತನ್ನ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಜೆಲ್ಡಾ ಸರಣಿಯ ನಾಲ್ಕು ಆಟಗಳನ್ನು ಒಂದೇ ಡಿಸ್ಕ್‌ನಲ್ಲಿ ಕೊಟ್ಟಿತು. ಅದರಲ್ಲಿದ್ದ ಒಕರಿನಾದಲ್ಲಿ ಪಠಣವೂ ಇಲ್ಲ, ಚಂದ್ರ-ತಾರೆಯೂ ಇಲ್ಲ. ಚಂದ್ರ-ತಾರೆಯ ಜಾಗದಲ್ಲಿ ಬೇರೊಂದು ಚಿಹ್ನೆ ಬಂದಿತ್ತು. ಹೀಗೆ ಬದಲಾಯಿಸಿದ್ದೇವೆ, ಈ ಕಾರಣಕ್ಕೆ ಬದಲಾಯಿಸಿದ್ದೇವೆ ಎಂಬ ಒಂದು ಸಾಲನ್ನೂ ಡಿಸ್ಕ್‌ನಲ್ಲಿ ಬರೆದಿರಲಿಲ್ಲ.

ಮೌನ ಇದ್ದಲ್ಲಿ ವದಂತಿ ಬೆಳೆಯುತ್ತದೆ. 'ಮುಸ್ಲಿಮರು ಗಲಾಟೆ ಮಾಡಿದರು, ಅದಕ್ಕೇ ನಿಂಟೆಂಡೊ ಹೆದರಿ ಸಂಗೀತ ತೆಗೆಯಿತು' ಎಂಬ ಕಥೆ ಆಟಗಾರರ ನಡುವೆ ಎರಡು ದಶಕಗಳಿಂದ ಓಡಾಡುತ್ತಿದೆ. ಈ ಧಾಟಿಯ ಕಥೆಗಳು ನಮಗೇನೂ ಹೊಸತಲ್ಲ. ಎಲ್ಲಾದರೂ ಏನಾದರೂ ಕಾಣೆಯಾದರೆ ಅದಕ್ಕೆ ಮುಸ್ಲಿಮರ ಸಿಟ್ಟೇ ಕಾರಣ ಎಂದು ವಿಚಾರಿಸದೆ ನಂಬುವ ಜನರಿದ್ದಾರೆ.

ಸತ್ಯ ಏನು? ಆ ಆಟದ ಕ್ಯಾಸೆಟ್‌ಗಳ ಒಳಗೇ ತಯಾರಿಕೆಯ ದಿನಾಂಕ ದಾಖಲಾಗಿದೆ. ಮೊದಲ ಆವೃತ್ತಿಯದು 1998ರ ಅಕ್ಟೋಬರ್ 21, ಎರಡನೆಯದು ಅಕ್ಟೋಬರ್ 26. ಪಠಣವನ್ನು ತೆಗೆದ ಮೂರನೆಯ ಆವೃತ್ತಿಯ ದಿನಾಂಕ ನವೆಂಬರ್ 12. ಆಟ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು ನವೆಂಬರ್ 21ರಂದು, ಅಮೆರಿಕದಲ್ಲಿ ನವೆಂಬರ್ 23ರಂದು! ಅಂದರೆ ಒಬ್ಬನೇ ಒಬ್ಬ ಗ್ರಾಹಕ ಆ ಸಂಗೀತವನ್ನು ಕೇಳುವ ಮೊದಲೇ ಕಂಪೆನಿ ಅದನ್ನು ತೆಗೆದಿತ್ತು. ಮೊದಲೇ ತಯಾರಾಗಿದ್ದ ಹಳೆಯ ಪ್ರತಿಗಳೂ ಅಂಗಡಿಗೆ ಹೋದದ್ದರಿಂದ ಕೆಲವರಿಗೆ ಪಠಣ ಕೇಳಿಸಿತು, ಕೆಲವರಿಗೆ ಕೇಳಿಸಲಿಲ್ಲ. ಪ್ರತಿಭಟನೆಗೆ ಮಣಿದು ತೆಗೆದರು ಎಂಬ ಮಾತು ಈ ದಿನಾಂಕಗಳ ಮುಂದೆ ನಿಲ್ಲುವುದೇ ಇಲ್ಲ.

ಧಾರ್ಮಿಕ ಚಿಹ್ನೆಗಳನ್ನು ಆಟದಿಂದ ದೂರವಿಡುವುದು ಆ ಕಾಲದಲ್ಲಿ ನಿಂಟೆಂಡೊದ ಅಮೆರಿಕ ಶಾಖೆಯ ನಿಯಮವಾಗಿತ್ತು. ಆ ನಿಯಮಕ್ಕೆ ಹೆಚ್ಚಾಗಿ ಸಿಕ್ಕಿದ್ದು ಕ್ರೈಸ್ತರ ಶಿಲುಬೆ. 1991ರ 'ಸೂಪರ್ ಕ್ಯಾಸಲ್‌ವೇನಿಯಾ 4' ಆಟದ ಸಮಾಧಿಗಳ ಮೇಲಿದ್ದ ಶಿಲುಬೆಗಳು ಅಮೆರಿಕನ್ ಆವೃತ್ತಿಯಲ್ಲಿ ಮಾಯವಾದವು. ಜೆಲ್ಡಾ ಸರಣಿಯ ಮೂರನೇ ಆಟದ ಜಪಾನೀ ಹೆಸರಿನಲ್ಲಿದ್ದ 'ದೇವರುಗಳು' ಎಂಬ ಪದ ಇಂಗ್ಲಿಷಿಗೆ ಬರುವಾಗ ಕಾಣೆಯಾಯಿತು. ಆಗ 'ಕ್ರೈಸ್ತರು ಗಲಾಟೆ ಮಾಡಿದರು' ಎಂಬ ದಂತಕಥೆಯನ್ನು ಯಾರೂ ಕಟ್ಟಲಿಲ್ಲ.

ಹಾಗೆಂದು ಆ ಪಠಣ ಅಲ್ಲಿರಬೇಕಿತ್ತೇ? ಖಂಡಿತ ಬೇಡ. ಆರಾಧನೆಯ ಧ್ವನಿಯನ್ನು ಬೆಂಕಿ, ಭೂತಗಳಿರುವ ನೆಲಮಾಳಿಗೆಗೆ ಹಿನ್ನೆಲೆಯಾಗಿಸುವುದು ಅಗೌರವವೇ. ಅದನ್ನು ತೆಗೆದದ್ದಕ್ಕೆ ನಮಗೆ ವಿಷಾದವಿಲ್ಲ. ನಮ್ಮ ಆಕ್ಷೇಪ ಬೇರೆ. ಚಂದ್ರ-ತಾರೆಯನ್ನು ತೆಗೆದರು, ಆದರೆ ಮರುಭೂಮಿಯ ಕಳ್ಳ ಜನಾಂಗ, ಅವರ ಉದ್ದ ಮೂಗು, ಕಂದು ಮೈಬಣ್ಣ, ಹೆಂಗಸರ ಆ ವೇಷ, ಎಲ್ಲವನ್ನೂ ಹಾಗೆಯೇ ಬಿಟ್ಟರು. ಪೂರ್ವಗ್ರಹ ಉಳಿಯಿತು, ಅದು ಯಾರ ಬಗ್ಗೆ ಎಂಬುದನ್ನು ಹೇಳುತ್ತಿದ್ದ ಗುರುತು ಮಾತ್ರ ಹೋಯಿತು. ಇದು ತಿದ್ದುಪಡಿಯೋ, ಸಾಕ್ಷ್ಯ ನಾಶವೋ? 2017ರ 'ಬ್ರೆತ್ ಆಫ್ ದ ವೈಲ್ಡ್' ಆಟದಲ್ಲಿ ಅದೇ ಗೆರುಡೊಗಳು ವ್ಯಾಪಾರಸ್ಥರ, ಯೋಧೆಯರ ಒಂದು ಘನತೆಯ ನಗರವಾಗಿ ಬಂದರು ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ನಮ್ಮ ದೃಷ್ಟಿಯಲ್ಲಿ ನಿಜವಾದ ತಿದ್ದುಪಡಿ ಅದೇ.

ಇನ್ನೊಂದು ಉದಾಹರಣೆ. 1993ರ 'ಅಲಾದ್ದೀನ್' ಆಟವನ್ನು ಡಿಜಿಟಲ್ ಎಕ್ಲಿಪ್ಸ್ 2019ರಲ್ಲಿ 'ದ ಲಯನ್ ಕಿಂಗ್' ಆಟದ ಜೊತೆ ಸೇರಿಸಿ ಮರುಬಿಡುಗಡೆ ಮಾಡಿತು. ಅದೇ ಅಚ್ಚುಕಟ್ಟು: ಹಲವು ಯಂತ್ರಗಳ ಆವೃತ್ತಿಗಳು, ವ್ಯಾಪಾರ ಮೇಳದಲ್ಲಿ ತೋರಿಸಿದ ಅಪೂರ್ಣ ಪ್ರತಿ, ತಪ್ಪಿದರೆ ಹಿಂದಕ್ಕೆ ಸುತ್ತಿಕೊಳ್ಳುವ ಸೌಲಭ್ಯ, ಚಿತ್ರಗಳು, ಸಂದರ್ಶನಗಳು. ಕುಶಲತೆಯ ಬಗ್ಗೆ ಅದರಿಂದ ಬೇಕಾದಷ್ಟು ಕಲಿಯಬಹುದು. ಆದರೆ ಅದರ ಹಿಂದಿನ ಡಿಸ್ನಿ ಚಿತ್ರದ ಆರಂಭದ ಹಾಡಿನಲ್ಲಿ ಕಿವಿ ಕತ್ತರಿಸುವ ನಾಡು ಎಂದು ಅರಬ್ ಪ್ರದೇಶವನ್ನು ಬಣ್ಣಿಸಿದ್ದ ಸಾಲನ್ನು ಅಮೆರಿಕದ ಅರಬ್ ಸಂಘಟನೆಯೊಂದರ ಆಕ್ಷೇಪದ ನಂತರ 1993ರಲ್ಲಿ ಬದಲಾಯಿಸಲಾಯಿತು. ಇಲ್ಲಿ ಆಕ್ಷೇಪ ನಿಜ, ಬದಲಾವಣೆಯೂ ನಿಜ. ಸಭ್ಯವಾಗಿ ಕೇಳಿದರು, ಅರ್ಧ ಸಿಕ್ಕಿತು. ಆ ನಾಡನ್ನು ಅನಾಗರಿಕವೆನ್ನುವ ಪದ ಅಲ್ಲೇ ಉಳಿಯಿತು. ಖಳನಾಯಕ ಜಾಫರನ ಕಥೆಯೂ ಹಾಗೆಯೇ. ಖಲೀಫ ಹಾರೂನ್ ರಶೀದರ ವಝೀರರಾಗಿದ್ದ ಜಅ್‌ಫರ್ ಬರ್ಮಕಿ 803ರಲ್ಲಿ ಮರಣದಂಡನೆಗೆ ಗುರಿಯಾದವರು. 'ಸಾವಿರದೊಂದು ರಾತ್ರಿ'ಗಳಲ್ಲಿ ಅವರು ಖಲೀಫರೊಂದಿಗೆ ಬಗ್ದಾದಿನ ಬೀದಿ ಸುತ್ತುವ ಸಂಗಾತಿ. ಅವರ ಹೆಸರನ್ನು ದುಷ್ಟ ಮಾಂತ್ರಿಕನಿಗೆ ಅಂಟಿಸಿದ್ದು 1940ರ 'ದ ಥೀಫ್ ಆಫ್ ಬಗ್ದಾದ್' ಚಲನಚಿತ್ರ. ಅಲ್ಲಿಂದ ಅದು 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಆಟಕ್ಕೂ (ಅದರ ಕರ್ತೃ ಕರಾಟೆಕಾದ ಅದೇ ಮೆಕ್ನರ್), 1992ರಲ್ಲಿ ಡಿಸ್ನಿಗೂ ಹರಿದುಬಂತು. ಒಂದು ಆಟದ ಕರಡು, ಜಾಹೀರಾತುಗಳನ್ನೆಲ್ಲ ಹುಡುಕಿ ತರುವ ಸಂಕಲನಕಾರರಿಗೆ ಈ ಹೆಸರಿನ ಇತಿಹಾಸವನ್ನು ಒಂದು ಪುಟದಲ್ಲಿ ಹೇಳುವುದು ಕಷ್ಟವಾಗಲಾರದು.

ಒಕರಿನಾ 2007, 2011, 2021ರಲ್ಲಿ ಬೇರೆ ಬೇರೆ ಯಂತ್ರಗಳಿಗೆ ಮತ್ತೆ ಬಂತು. ಪ್ರತಿ ಸಲವೂ ಪಠಣವಿಲ್ಲದ ಸಂಗೀತ, ವಿವರಣೆಯಿಲ್ಲದ ಮೌನ. ಮೂರು ದಿನಾಂಕಗಳನ್ನು ಮುದ್ರಿಸಿದ್ದರೆ ವದಂತಿ ಅಲ್ಲಿಗೇ ಸಾಯುತ್ತಿತ್ತು. ಇತ್ತ, ಹಳೆಯ ಆಟಗಳನ್ನು ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದಲೇ ನೋಡಲು ಬಿಡಬಹುದೇ ಎಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಹೀಗಾಗಿ ಎರಡು ಆವೃತ್ತಿಗಳನ್ನು ಕಾನೂನುಬದ್ಧವಾಗಿ ಹೋಲಿಸಿ ನೋಡಬೇಕೆನ್ನುವವರು ಈಗಲೂ 1998ರ ಆ ಮೊದಲ ಕಂತಿನ ಕ್ಯಾಸೆಟ್ಟನ್ನೂ ಅದನ್ನು ಓಡಿಸುವ ಹಳೆಯ ಯಂತ್ರವನ್ನೂ ಎಲ್ಲಿಂದಲಾದರೂ ಹುಡುಕಿ ತರಬೇಕು.