ಪೆರೊಟಿನ್ ಮತ್ತು ಪ್ರತಿಧ್ವನಿಯ ಪವಾಡ

2019ರ ಏಪ್ರಿಲ್ 15ರ ಬೆಂಕಿಯ ನಂತರ ಮುಚ್ಚಿದ್ದ ಪ್ಯಾರಿಸ್ಸಿನ ನೋತ್ರ್ ದಾಮ್ ಕ್ಯಾಥೆಡ್ರಲ್ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಗಾಯನದ ಬಗ್ಗೆ ಬರೆಯುವವರು ಮತ್ತೆ ಹಳೆಯ ಮಾತಿಗೇ ಜೋತುಬಿದ್ದಿದ್ದಾರೆ: ಮಧ್ಯಯುಗದ ಕೃತಿಕಾರ ಪೆರೊಟಿನ್‌ನ ನಾಲ್ಕು ಕಂಠಗಳ ‘ವಿದೆರುಂತ್ ಓಮ್ನೆಸ್’ ಈ ಕಲ್ಲಿನ ಅನುರಣನಕ್ಕೆಂದೇ ಹುಟ್ಟಿದ್ದು, ಅದನ್ನು ಇಲ್ಲಿಯೇ ಕೇಳಬೇಕು. ಈ ಮಾತು ತಪ್ಪು ಮಾತ್ರವಲ್ಲ, ಆ ಕೃತಿಗೆ ಮಾಡಿದ ಅನ್ಯಾಯ. ಕಟ್ಟಡಕ್ಕೆ ಸಂದ ಕೀರ್ತಿ ಹೆಚ್ಚಾಯಿತು, ಕೃತಿಕಾರನ ಲಯಜ್ಞಾನಕ್ಕೆ ಸಲ್ಲಬೇಕಾದದ್ದು ಸಂದಿಲ್ಲ.

ಮೊದಲ ಅಕ್ಷರ ‘ವಿ’ಯನ್ನೇ ಹಿಡಿದು ನೋಡೋಣ. ಕೆಳಗಿನ ಕಂಠ, ಅಂದರೆ ಟೆನರ್, ಹಳೆಯ ಗ್ರೆಗೋರಿಯನ್ ಪಠಣದ ಒಂದೇ ಸ್ವರವನ್ನು ನಿಮಿಷದ ಆಸುಪಾಸು ಬಿಡದೆ ಹಿಡಿದಿರುತ್ತದೆ. ಅದರ ಮೇಲೆ ಷಡ್ಜ, ಪಂಚಮ, ತಾರಷಡ್ಜಗಳ ಹೊಂದಿಕೆಯಲ್ಲಿ ಒಂದು ಕ್ಷಣ ನಿಂತ ಮೂರು ಕಂಠಗಳು ತಟ್ಟನೆ ನಡೆ ಹಿಡಿಯುತ್ತವೆ. ನಡೆ ಮೂರು ಮಾತ್ರೆಯದು. ಗುರು, ಲಘು, ಗುರು, ಲಘು. ಒಬ್ಬ ಹಾಡಿದ ಪುಟ್ಟ ಸಂಚಾರವನ್ನು ಮುಂದಿನ ಉಸಿರಿಗೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಅವನು ಬಿಟ್ಟದ್ದನ್ನು ಇವನು ಹಾಡುತ್ತಾನೆ. ಮೂವರ ಸ್ಥಾಯಿಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸ್ವರಗಳ ಮೊತ್ತ ಬದಲಾಗುವುದೇ ಇಲ್ಲ, ಯಾರ ಬಾಯಿಂದ ಯಾವುದು ಬಂತು ಎಂಬುದಷ್ಟೇ ಬದಲಾಗುತ್ತದೆ. ಇದು ಕಿವಿಗೆ ದಕ್ಕಬೇಕಾದರೆ ಎರಡು ಸಂಗತಿ ಸ್ಪಷ್ಟವಾಗಿರಬೇಕು: ಗುರು ಎಲ್ಲಿ ಮುಗಿದು ಲಘು ಎಲ್ಲಿ ಬಿತ್ತು, ಮತ್ತು ದನಿ ಯಾವ ದಿಕ್ಕಿನಿಂದ ಬಂತು. ಬೆಂಕಿಗೆ ಮುಂಚಿನ ಅಳತೆಗಳಂತೆ ನೋತ್ರ್ ದಾಮ್‌ನಲ್ಲಿ ಒಂದು ಸದ್ದು ಪೂರ್ತಿ ಅಡಗಲು ಸುಮಾರು 6 ಸೆಕೆಂಡು ಬೇಕು. ಹಾಡುಗಾರರು ನಡುವೆ ನಿಂತು, ಕೇಳುಗರು ಉದ್ದನೆಯ ಸಭಾಂಗಣದ ತುದಿಯವರೆಗೂ ಕುಳಿತರೆ ಹಿಂದಿನ ಗಣದ ಬಾಲ ಮುಂದಿನ ಗಣದ ತಲೆಯ ಮೇಲೆ ಬೀಳುತ್ತದೆ. ದಿಕ್ಕು ಅಳಿಸಿಹೋಗುತ್ತದೆ. ಉಳಿಯುವುದು ಹಿತವಾದ ಒಂದು ಗುಂಯ್‌ಗುಡುವಿಕೆ. ಅದನ್ನೇ ನಾವು ದೈವಿಕ ಎಂದು ಬರೆಯುತ್ತಿದ್ದೇವೆ.

ಪೆರೊಟಿನ್ ಈ ಅನುರಣನಕ್ಕಾಗಿಯೇ ರಚಿಸಿದ ಎಂಬ ವಾದಕ್ಕೆ ಇತಿಹಾಸದ ಬೆಂಬಲವೂ ಇಲ್ಲ. ಬಿಷಪ್ ಯೂಡ್ ದ ಸುಲ್ಲಿ ಹೊಸ ವರ್ಷದ ಹಬ್ಬದ ಗದ್ದಲವನ್ನು ತಿದ್ದಲು ಹೊರಡಿಸಿದ ಆಜ್ಞೆಯಲ್ಲಿ ಮೂರು, ನಾಲ್ಕು ಕಂಠಗಳ ಗಾಯನಕ್ಕೆ ಅನುಮತಿ ಕೊಟ್ಟದ್ದು 1198ರಲ್ಲಿ. ಈ ಕೃತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಆ ಹೊತ್ತಿಗೇ ಜೋಡಿಸುತ್ತಾರೆ. 1163ರಲ್ಲಿ ಶುರುವಾದ ಕಟ್ಟಡದಲ್ಲಿ ಪ್ರಧಾನ ಬಲಿಪೀಠ 1182ರಲ್ಲಿ ಪ್ರತಿಷ್ಠೆಯಾಗಿತ್ತು, ನಿಜ. ಆದರೆ ನಾವಿಂದು ಕಾಣುವ ಪಶ್ಚಿಮದ ಮುಖ, ಜೋಡಿ ಗೋಪುರಗಳು, ಹಿಗ್ಗಿಸಿದ ಕಿಟಕಿಗಳು, ಪಕ್ಕದ ಚಾಪೆಲ್‌ಗಳು ಆಗಿನ್ನೂ ಇರಲಿಲ್ಲ. ಇಂದಿನ ಪ್ರತಿಧ್ವನಿ ಪೆರೊಟಿನ್ ಕೇಳಿದ ಪ್ರತಿಧ್ವನಿಯೇ ಅಲ್ಲ. ಹಾಡುತ್ತಿದ್ದವರು ನುರಿತ ನಾಲ್ವರು, ಕಂಠಕ್ಕೊಬ್ಬರು. ಕೇಳುತ್ತಿದ್ದವರು ಅವರು ನಿಂತಿದ್ದ, ಬಲಿಪೀಠದ ಮುಂದಿನ ಗಾಯನಾಂಗಣದಲ್ಲೇ ಎದುರುಬದುರು ಸಾಲುಗಳಲ್ಲಿದ್ದ ಪಾದ್ರಿಗಳು. ಅಂದರೆ ಅದು ಹತ್ತಿರದಿಂದ ಕೇಳಿದ ಸಂಗೀತ.

ನಮ್ಮ ಕಡೆಯ ರಸಿಕರೊಡನೆಯೂ ನನ್ನ ಜಗಳವಿದೆ. ಆ ಟೆನರನ್ನು ಕೇಳಿದೊಡನೆ ‘ಇದು ಅವರ ತಂಬೂರಿ’ ಎಂದುಬಿಡುತ್ತೇವೆ. ಕರ್ನಾಟಕ ಸಂಗೀತ ಬಲ್ಲವರೇ ಹೀಗೆನ್ನುವುದು ನನಗೆ ಬೇಸರ ತರುತ್ತದೆ. ತಂಬೂರಿ ಕಛೇರಿ ಮುಗಿಯುವ ತನಕ ಕದಲುವುದಿಲ್ಲ. ಅದರ ಆಧಾರದಲ್ಲಿ ರಾಗ ಬೆಳೆಯುತ್ತದೆ. ಪೆರೊಟಿನ್‌ನ ಟೆನರ್ ಕದಲುತ್ತದೆ, ಕದಲುವುದೇ ಅಲ್ಲಿಯ ದೊಡ್ಡ ಘಟನೆ. ಅಷ್ಟು ಹೊತ್ತು ಹೊಂದಿಕೊಂಡಿದ್ದ ಸ್ವರ ಕೆಳಗಿನ ನೆಲ ಸರಿದಾಗ ಕಟುವಾಗುತ್ತದೆ, ಕಟುವಾಗಿದ್ದದ್ದು ನೆಲೆ ಕಾಣುತ್ತದೆ. ಇದನ್ನು ಗ್ರಹಭೇದ ಎಂದು ವಿವರಿಸಲೂ ಆಗದು. ಅಲ್ಲಿ ಷಡ್ಜದ ಸ್ಥಾನ ಸರಿದು ಬೇರೆ ರಾಗ ತೋರುತ್ತದೆ, ಇಲ್ಲಿ ಜನರಿಗೆ ಪರಿಚಿತವಾದ ಹಳೆಯ ಪಠಣವೊಂದು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತಂಬೂರಿ ಎಂದುಕೊಂಡವನು ಆ ಹೆಜ್ಜೆಗೆ ಕಾಯುವುದೇ ಇಲ್ಲ. ಕಾಯದವನಿಗೆ ಈ ಕೃತಿಯ ಅರ್ಧ ಸಿಕ್ಕುವುದಿಲ್ಲ.

ಪ್ರತಿಧ್ವನಿಯೇ ಬೇಡ ಎನ್ನುತ್ತಿಲ್ಲ. ಟೆನರ್ ಉಸಿರು ತೆಗೆದುಕೊಳ್ಳುವ ಬಿರುಕನ್ನು ಕಲ್ಲು ಮುಚ್ಚುತ್ತದೆ, ವಾಕ್ಯ ಮುಗಿದ ಕಡೆ ಪಂಚಮ ತಾನಾಗಿ ತೇಲುತ್ತದೆ. ಅಷ್ಟರ ಮಟ್ಟಿಗೆ ಅದು ಬೇಕು. ಆದರೆ ಕೃತಿಯ ಜೀವಾಳ ಅದರ ನಡೆ: ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೀಚ್ 1995ರ ‘ಪ್ರಾವರ್ಬ್’ ಎಂಬ ಕೃತಿಯಲ್ಲಿ ಪೆರೊಟಿನ್‌ನಿಂದ ಬಹಿರಂಗವಾಗಿಯೇ ಪಡೆದದ್ದು ಎಳೆದು ನಿಲ್ಲಿಸಿದ ಸ್ವರದ ಮೇಲೆ ಎಡೆಬಿಡದೆ ಓಡುವ ಈ ನಡೆಯನ್ನೇ. ಹಿಲಿಯರ್ಡ್ ಎನ್ಸೆಂಬಲ್‌ನ ಗಾಯಕರು ಇಸಿಎಂ ಸಂಸ್ಥೆಗಾಗಿ ಹಾಡಿದ ‘ವಿದೆರುಂತ್ ಓಮ್ನೆಸ್’ನ 1989ರ ಧ್ವನಿಮುದ್ರಣ ಇಂದಿಗೂ ನಿಲ್ಲುವುದು ಅದೇ ಕಾರಣಕ್ಕೆ. ಹನ್ನೊಂದು ನಿಮಿಷ ಮೀರುವ ಅದರಲ್ಲಿ ಪ್ರತಿ ಲಘುವೂ ಕೇಳುತ್ತದೆ, ಸಂಚಾರ ಕಂಠದಿಂದ ಕಂಠಕ್ಕೆ ದಾಟುವುದು ತಿಳಿಯುತ್ತದೆ. ಅದು ತಣ್ಣಗಿದೆ ಎನ್ನುವ ವಿಮರ್ಶಕರು ಕಿವಿಯಲ್ಲಿ ಕ್ಯಾಥೆಡ್ರಲ್ ಹೊತ್ತುಕೊಂಡೇ ಕೇಳುತ್ತಿದ್ದಾರೆ.

ನೋತ್ರ್ ದಾಮ್‌ನಲ್ಲೇ ಹಾಡಬೇಕೆಂದಿದ್ದರೆ ದಾರಿ ಇದೆ. ನಾಲ್ವರನ್ನೂ ಗಾಯನಾಂಗಣದೊಳಗೆ ನಿಲ್ಲಿಸಿ, ಅವರ ಸುತ್ತ ಹಿಡಿಸುವಷ್ಟೇ ಜನರನ್ನು ಕೂರಿಸಿ, ಅಗತ್ಯವಿದ್ದರೆ ಒಂದೇ ಸಂಜೆ ಹಲವು ಬಾರಿ ಹಾಡಿಸಲಿ. ಟಿಕೆಟ್ಟಿನ ಲೆಕ್ಕಕ್ಕೆ ಇದು ಹೊಂದದಿರಬಹುದು, ಕೃತಿಗೆ ಹೊಂದುತ್ತದೆ.