ನಾಲ್ವರ ತಂಡ: ಸಾಹಸಕ್ರೀಡೆಗಳ ಪಾತ್ರವರ್ಗಗಳ ಪ್ರಾಚೀನತೆಯನ್ನು ಕುರಿತು

ಯೋಧ, ಪಾದ್ರಿ, ಮಾಂತ್ರಿಕ, ಕಳ್ಳ ಈ ನಾಲ್ವರನ್ನು ಕೂಡಿಸಿದರೆ ಕಾಲ್ಪನಿಕ ಸಾಹಸಕ್ರೀಡೆಗೆ ಬೇಕಾದ ತಂಡ ಸಿದ್ಧವಾಯಿತೆಂಬುದು ಆಟಗಾರರಲ್ಲಿ ರೂಢಮೂಲವಾದ ಅಭಿಪ್ರಾಯ. ಯೋಧನು ಮುಂದೆ ನಿಂತು ಪೆಟ್ಟು ತಿನ್ನುತ್ತಾನೆ. ಪಾದ್ರಿಯು ಗಾಯ ಮಾಯಿಸುತ್ತಾನೆ. ಮಾಂತ್ರಿಕನು ಹಿಂದಿನಿಂದ ಬೆಂಕಿ ಸುರಿಸುತ್ತಾನೆ. ಕಳ್ಳನು ಬೀಗ ತೆರೆಯುತ್ತಾನೆ. ಇವು ಪುರಾತನ ವೀರಗಾಥೆಗಳಿಂದ ಇಳಿದುಬಂದ ಮೂಲಮಾದರಿಗಳೆಂದೂ ಮಧ್ಯಯುಗದ ಯೂರೋಪಿನ ಸಮಾಜದ ಪ್ರತಿಬಿಂಬವೆಂದೂ ಹೇಳುವವರಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಇದ್ದದ್ದು ಮೂರೇ ವರ್ಗಗಳು. ಯೋಧ, ಮಾಂತ್ರಿಕರಿಗೆ ಸಾಹಿತ್ಯದಲ್ಲಿ ಪೂರ್ವಜರುಂಟು; ಅದರಲ್ಲಿ ವಿವಾದವಿಲ್ಲ. ಪಾದ್ರಿಯ ವಂಶಾವಳಿ ಮಾತ್ರ ಬೇರೆ. ಟೋಲ್ಕಿನ್ನರ ಕಥೆಯ ಒಂಬತ್ತು ಮಂದಿ ಸಹಯಾತ್ರಿಕರಲ್ಲಿ ಪಾದ್ರಿಯೇ ಇಲ್ಲ. ಆರ್ನೆಸನ್ ನಡೆಸುತ್ತಿದ್ದ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಒಬ್ಬ ಆಟಗಾರನ ರಕ್ತಪಿಶಾಚಿಯು ಅತಿಪ್ರಬಲನಾಗಿ ಬೆಳೆದಾಗ, ಅವನನ್ನು ಅಡಗಿಸಲು ಹುಟ್ಟಿದವನು ಈತ. ಗಾಯ ಮಾಯಿಸುವುದೇ ಇವನ ಸಹಜಧರ್ಮವೆಂಬುದೂ ಸಲ್ಲದು. 1974ರ ನಿಯಮಗಳಲ್ಲಿ ಮೊದಲ ಮಟ್ಟದ ಪಾದ್ರಿಗೆ ಒಂದು ಮಂತ್ರವೂ ಇರಲಿಲ್ಲ. ಆ ಮಟ್ಟದಲ್ಲಿಯೇ ಮಂತ್ರ ದೊರೆತದ್ದು 1978ರ ಪರಿಷ್ಕೃತ ಗ್ರಂಥದಲ್ಲಿ.

ಪಾದ್ರಿಗೆ ಅಲಗುಳ್ಳ ಆಯುಧ ನಿಷಿದ್ಧ, ಗದೆ ಮಾತ್ರ ವಿಹಿತ ಎಂಬ ನಿಯಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕಾಗಿದೆ. ಮಧ್ಯಯುಗದ ಪಾದ್ರಿಗಳು ರಕ್ತ ಚೆಲ್ಲಬಾರದೆಂದು ಗದೆ ಹಿಡಿದರೆಂಬ ಉತ್ತರವನ್ನು ನಾವು ತರಗತಿಯಲ್ಲಿಯೇ ಕೇಳಿದ್ದೇವೆ. (ಗದೆಯ ಪೆಟ್ಟಿಗೆ ರಕ್ತ ಬರುವುದಿಲ್ಲವೆಂದು ನಂಬಿದವರು ಗದೆಯ ಪೆಟ್ಟನ್ನು ಕಂಡವರಲ್ಲ.) ಇದಕ್ಕೆ ಆಧಾರವಾಗಿ ಬಾಯೂ ಕಸೂತಿಪಟದಲ್ಲಿ ಬಿಷಪ್ ಓಡೋ ದೊಣ್ಣೆ ಹಿಡಿದಿರುವ ಚಿತ್ರವನ್ನು ತೋರಿಸುವುದುಂಟು. ಆದರೆ ಅದೇ ಪಟದಲ್ಲಿ ವಿಲಿಯಂ ಡ್ಯೂಕನ ಕೈಯಲ್ಲಿಯೂ ಅಂತಹುದೇ ದೊಣ್ಣೆಯಿದೆ, ಡ್ಯೂಕನೇನೂ ಪಾದ್ರಿಯಲ್ಲ. ಅದನ್ನು ಅಧಿಕಾರದ ಲಾಂಛನವೆಂದು ತಿಳಿಯುವುದೇ ಯುಕ್ತ. ರೋಲಾಂಡನ ಗೀತೆಯಲ್ಲಿ ಬರುವ ಆರ್ಚ್‌ಬಿಷಪ್ ಟರ್ಪಿನ್ ನಿಸ್ಸಂಕೋಚವಾಗಿ ಕತ್ತಿ ಝಳಪಿಸುತ್ತಾನೆ. ಆಟದ ನಿಯಮವು ಆಟಕ್ಕೆ ಅನುಕೂಲವಾದದ್ದು: ಒಳ್ಳೆಯ ಮಾಂತ್ರಿಕ ಖಡ್ಗಗಳು ಯೋಧನ ಪಾಲಿಗೇ ಉಳಿಯುತ್ತವೆ. ಅದನ್ನು ಇತಿಹಾಸವೆಂದು ಬಗೆಯುವುದು ಮಾತ್ರ ಅನರ್ಥ.

ಕಳ್ಳನು ಬಂದದ್ದು 1975ರಲ್ಲಿ, ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ. 1937ರ ‘ಹಾಬಿಟ್’ ಕಥೆಯ ಬಿಲ್ಬೊ ಕನ್ನಗಳ್ಳನಾಗಿಯೇ ಗೊತ್ತಾದವನೆಂಬುದನ್ನು ಮರೆಯುವಂತಿಲ್ಲ. ಆದರೂ ಇವನ ಆಗಮನದಿಂದ ತಂಡವು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚೇನೋ. ಅದುವರೆಗೆ ನೆರಳಿನಲ್ಲಿ ಅಡಗುವುದು, ಸದ್ದಿಲ್ಲದೆ ನಡೆಯುವುದು ಯಾರು ಬೇಕಾದರೂ ಪ್ರಯತ್ನಿಸಬಹುದಾಗಿದ್ದ ಕೆಲಸಗಳು. ಕಳ್ಳನ ಹೆಸರಿಗೆ ಅವುಗಳ ಪಟ್ಟಿಯಾದೊಡನೆ ಉಳಿದವರು ಹಿಂದೆಗೆದರು. ಪಟ್ಟಿಯಾದರೂ ಎಂಥದು? ಮೊದಲ ಮಟ್ಟದ ಕಳ್ಳನಿಗೆ ಬೀಗ ತೆರೆಯುವ ಸಂಭವ ನೂರಕ್ಕೆ 15.

1987ರಲ್ಲಿ ಜಪಾನಿನಲ್ಲಿ ಹೊರಬಂದ ‘ಫೈನಲ್ ಫ್ಯಾಂಟಸಿ’ ಗಣಕಕ್ರೀಡೆಯು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಆರು ವರ್ಗಗಳಿಂದ ನಾಲ್ವರನ್ನು ಆರಿಸಬೇಕು. ಒಂದೇ ವರ್ಗವನ್ನು ಮತ್ತೆ ಮತ್ತೆ ಆರಿಸಬಹುದಾದ್ದರಿಂದ, ನಿಲ್ಲುವ ಕ್ರಮವನ್ನು ಬಿಟ್ಟರೂ, 126 ಬಗೆಯ ತಂಡಗಳು ಸಾಧ್ಯ. ನಾಲ್ವರೂ ಭಿನ್ನರಾಗಿರುವ ತಂಡಗಳು ಅವುಗಳಲ್ಲಿ 15 ಮಾತ್ರ. ಗಾಯ ಮಾಯಿಸುವ ಶ್ವೇತಮಾಂತ್ರಿಕರನ್ನೇ ನಾಲ್ವರನ್ನು ಕೂಡಿಸಿಕೊಂಡು ಆಟವನ್ನು ಕೊನೆಮುಟ್ಟಿಸಿದವರಿದ್ದಾರೆ. ಕಷ್ಟಪಟ್ಟರು, ಆದರೆ ಗೆದ್ದರು. ಇನ್ನು ಅಲ್ಲಿಯ ಕಳ್ಳನ ಪಾಡನ್ನು ನೋಡಿದರೆ ನಗೆ ಬರುತ್ತದೆ. ಮೂಲದ ಆಟದಲ್ಲಿ ಅವನು ಕದಿಯಲಾರ. ಬೀಗವನ್ನೂ ತೆರೆಯಲಾರ, ಮುಚ್ಚಿದ ಬಾಗಿಲುಗಳೆಲ್ಲ ಎಲ್ಫ್ ರಾಜಕುಮಾರನು ಕೊಡುವ ಒಂದೇ ಕೀಲಿಕೈಗೆ ತೆರೆದುಕೊಳ್ಳುತ್ತವೆ, ಆ ಕೀಲಿಕೈ ಯಾವ ತಂಡಕ್ಕಾದರೂ ದೊರೆಯುತ್ತದೆ.