ಕೋಳಿಮರಿಯ ಕಣ್ಣು, ಮಗುವಿನ ಚಾಳೀಸು

ಮಗುವಿಗೆ ಶಾಲೆಯ ಬೋರ್ಡು ಮಸುಕಾಗಿ ಕಾಣುತ್ತದೆ ಎಂದರೆ ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲೂ ಜಮಖಂಡಿಯ ಪೇಟೆಯಲ್ಲೂ ಒಂದು ಮಾತು ಕೇಳಿಬರುತ್ತದೆ: ‘ಈಗ್ಲೇ ಚಾಳೀಸ ಹಾಕಬ್ಯಾಡ್ರಿ, ನಂಬರ್ ಏರ್ತದ.’ ಇದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೇ ಸಾಕ್ಷಿಗೆ ತರುವವರೂ ಇದ್ದಾರೆ. ಕೋಳಿಮರಿಗೆ ಮೈನಸ್ ಗಾಜು ಹಾಕಿದರೆ ಕಣ್ಣುಗುಡ್ಡೆ ಉದ್ದವಾಗುತ್ತದಲ್ಲ, ಮಗುವಿಗೂ ಹಾಗೇ ಅಲ್ಲವೇ ಎಂಬುದು ಅವರ ವಾದ.

ಪ್ರಯೋಗ ನಿಜ, ತೀರ್ಮಾನ ತಪ್ಪು. 1977ರಲ್ಲಿ ವಿಜ್ಞಾನಿಗಳಾದ ವೀಸೆಲ್ ಮತ್ತು ರವಿಯೋಲಾ ಎಳೆಯ ಮಂಗಗಳ ರೆಪ್ಪೆ ಹೊಲಿದಾಗ ಆ ಕಣ್ಣು ಉದ್ದಕ್ಕೆ ಬೆಳೆಯಿತು. 1988ರಲ್ಲಿ ಶೆಫೆಲ್ ಮತ್ತು ಸಂಗಡಿಗರು ಕೋಳಿಮರಿಗಳಿಗೆ ಗಾಜು ಹಾಕಿ ನೋಡಿದರು. ಗಾಜಿಗೆ ತಕ್ಕಂತೆ ಕಣ್ಣಿನ ಬೆಳವಣಿಗೆ ಬದಲಾಯಿತು. ಬೇರೊಂದು ಪ್ರಯೋಗದಲ್ಲಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದ ಮರಿಗಳಲ್ಲೂ ಮಸುಕು ನೋಟ ಕಣ್ಣನ್ನು ಉದ್ದವಾಗಿಸಿತು. ಅಂದರೆ ಬೆಳೆಯಬೇಕೋ ನಿಲ್ಲಬೇಕೋ ಎಂಬ ಸೂಚನೆ ಅಕ್ಷಿಪಟಲದಲ್ಲೇ ಹುಟ್ಟುತ್ತದೆ. ದೂರದ್ದು ಮಸುಕಾಗಿ ಕಾಣುವ ಈ ದೋಷ, ಅಂದರೆ ಸಮೀಪದೃಷ್ಟಿ, ಬರೀ ವಂಶದ ಹಣೆಬರಹವಲ್ಲ ಎಂದು ತೋರಿಸಿಕೊಟ್ಟ ದೊಡ್ಡ ಶೋಧ ಇದು.

ಆದರೆ ಆ ಮರಿಯ ಕಣ್ಣು ಸರಿಯಾಗಿತ್ತು. ಮೈನಸ್ ಗಾಜು ಬಿಂಬವನ್ನು ಅಕ್ಷಿಪಟಲದ ಹಿಂದಕ್ಕೆ ತಳ್ಳಿತು, ಕಣ್ಣು ಅದನ್ನು ಹಿಡಿಯಲು ಉದ್ದವಾಯಿತು. ನಮ್ಮ ಮಗುವಿನ ಕಣ್ಣು ಮೊದಲೇ ಉದ್ದವಾಗಿದೆ. ದೂರದ ಬಿಂಬ ಅಕ್ಷಿಪಟಲದ ಮುಂದೆಯೇ ಬೀಳುತ್ತದೆ. ಸರಿಯಾದ ಚಾಳೀಸು ಅದನ್ನು ಅಕ್ಷಿಪಟಲದ ಮೇಲೆ ತಂದು ಕೂರಿಸುತ್ತದೆ, ಅಷ್ಟೇ. ಎರಡನ್ನೂ ಒಂದೇ ಎನ್ನುವುದು ಹೇಗೆ?

ಇನ್ನೂ ಒಂದು ಮಾತಿದೆ. ಗಾಜು ತೆಗೆದರೆ ಕೋಳಿಮರಿಯ ಕಣ್ಣು ಬಹುಮಟ್ಟಿಗೆ ಸುಧಾರಿಸುತ್ತದೆ. ಮಕ್ಕಳಲ್ಲೂ ಹಾಗಾಗುವುದಾದರೆ ಕಡಿಮೆ ನಂಬರಿನ ಚಾಳೀಸು ಲಾಭ ಕೊಡಬೇಕಿತ್ತು. ಕೌಲಾಲಂಪುರದಲ್ಲಿ 94 ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇಕೆಂದೇ ಕಡಿಮೆ ನಂಬರ್ ಕೊಟ್ಟ ಮಕ್ಕಳಲ್ಲೇ ದೋಷ ಬೇಗ ಏರಿತು. ಆಮೇಲಿನ ಅಧ್ಯಯನಗಳ ಉತ್ತರ ಒಂದೇ ತೆರನಾಗಿಲ್ಲ, ನಿಜ. ಆದರೆ ಮರಿಯಲ್ಲಿ ಕಂಡಂಥ ಚೇತರಿಕೆ ಮಕ್ಕಳಲ್ಲಿ ಕಂಡಿಲ್ಲ.

ಬೆಳಕಿನ ವಿಷಯದಲ್ಲಿ ಮಾತ್ರ ಮಗು, ಮರಿ ಎರಡೂ ಒಂದೇ ದಿಕ್ಕು ತೋರಿದವು. ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಎಂಬುದು 2008ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನದಲ್ಲಿ ಕಂಡುಬಂತು. ಪ್ರಖರ ಬೆಳಕು ಕಣ್ಣಿನ ಅತಿಬೆಳವಣಿಗೆಯನ್ನು ತಡೆಯುತ್ತದೆ ಎಂದು 2009ರಲ್ಲಿ ಕೋಳಿಮರಿಗಳೂ 2012ರಲ್ಲಿ ಮಂಗಗಳೂ ತೋರಿಸಿದವು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗಿದ್ದ ಮಕ್ಕಳಲ್ಲಿ ಮೂರು ವರ್ಷಕ್ಕೆ ಹೊಸದಾಗಿ ದೋಷ ಬಂದದ್ದು ಶೇ. 30.4ರಷ್ಟು ಮಂದಿಗೆ, ಉಳಿದವರಲ್ಲಿ ಶೇ. 39.5. ತರಗತಿಯಲ್ಲಿ ಕೆಲವು ನೂರು ಲಕ್ಸ್ ಬೆಳಕಿದ್ದರೆ ಬೀಳಗಿಯ ಮರದ ನೆರಳಲ್ಲೇ ಸಾವಿರಾರು ಲಕ್ಸ್ ಇರುತ್ತದೆ. ಆದರೆ ಬಯಲಿನ ಈ ಲಾಭ ದೋಷ ಬರುವ ಮೊದಲೇ ಹೆಚ್ಚು. ಬಂದ ಮೇಲೆ ಮಗುವಿಗೆ ಬೇಕಾದದ್ದು ಸರಿಯಾದ ನಂಬರಿನ ಚಾಳೀಸು, ಅದೂ ಬೋರ್ಡಿನ ಪಾಠ ಕೈತಪ್ಪುವ ಮೊದಲು.